ಹಡಗಿನ ರೇಣಮ್ಮ

ಮುದನಾಳದಲ್ಲಿ ಆಗ ರೇಣಮ್ಮ ಎನ್ನುವವರು ಮೂವರಿದ್ದರು. ಅಗಸಿ ಬಾಗಿಲ ರೇಣಮ್ಮ, ಬಳೆಗಾರರ ರೇಣಮ್ಮ, ಹಡಗಿನ ರೇಣಮ್ಮ. ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಸೊಸೆಯಂದಿರು ಮೂರನೆಯ ಹೆಸರು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಭೀಮಾ ಹೊಳೆ ತುಂಬಿದಾಗ ಬಿಡುವ ಹರಗೋಲನ್ನು ಬಿಟ್ಟರೆ ನೀರಿನ ಮೇಲೆ ಹೋಗುವ ಇನ್ನೊಂದು ಸವಾರಿಯನ್ನೇ ಕಾಣದ ಸೀಮೆ ಅದು. ಅಲ್ಲಿ ಕುರಿ ಕಾಯುವ ಹೆಂಗಸಿಗೆ ಹಡಗು ಎಲ್ಲಿಂದ ಬಂತು?

ಬಂದದ್ದು ಒಂದೇ ಒಂದು ಸಂಜೆಯಿಂದ.

ರೇಣಮ್ಮನ ತವರು ಕೊಡೇಕಲ್. ಹದಿನಾರು ತುಂಬುವಷ್ಟರಲ್ಲಿ ಅವಳನ್ನು ಮುದನಾಳದ ಬೀರಣ್ಣನಿಗೆ ಕೊಟ್ಟಿದ್ದರು. ಮನೆಯಲ್ಲಿ ಅಣ್ಣ ತಮ್ಮ ಇಬ್ಬರು: ಹಿರಿಯ ಮಲ್ಕಪ್ಪ, ಕಿರಿಯ ಬೀರಣ್ಣ. ಮಲ್ಕಪ್ಪನ ಹೆಂಡತಿ ಗುರುಲಿಂಗಮ್ಮ. ಇನ್ನೂರರ ಹತ್ತಿರ ಕುರಿ. ಹತ್ತಿರ ಎಂದೇ ಹೇಳಬೇಕು, ಏಕೆಂದರೆ ಆ ಮನೆಯಲ್ಲಿ ಕುರಿ ಎಣಿಸುವ ಪದ್ಧತಿ ಇರಲಿಲ್ಲ. ಮುಖ ನೋಡುತ್ತಿದ್ದರು. ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಒಂದೊಂದನ್ನೇ ಒಳಗೆ ಬಿಡುವಾಗ ಯಾವ ಮುಖ ಕಾಣಲಿಲ್ಲವೋ ಆ ಕುರಿ ತಪ್ಪಿದೆ ಎಂದು ಲೆಕ್ಕ. ಬಂದ ವರ್ಷವೇ ರೇಣಮ್ಮ ಈ ವಿದ್ಯೆಯಲ್ಲಿ ಗಂಡನನ್ನು ಮೀರಿಸಿದಳು. ಅಮಾವಾಸ್ಯೆಯ ಮಸುಕಿನಲ್ಲೂ ಇದು ಕರಿಗಿವಿ, ಇದು ಕರಿಗಿವಿಯ ಮಗಳು ಎಂದು ಹೇಳುತ್ತಿದ್ದಳು.

ಆ ಮನೆಗೆ ಇನ್ನೊಂದು ಪದ್ಧತಿ ಇತ್ತು. ಹಟ್ಟಿ ಕಟ್ಟಿ ದೀಪ ಹಚ್ಚಿದ ಮೇಲೆ ಬೆಳಗಾಗುವವರೆಗೆ ಮನೆಯಿಂದ ಏನೂ ಹೊರಗೆ ಹೋಗಬಾರದು. ಹಾಲಿಲ್ಲ, ಉಣ್ಣೆಯಿಲ್ಲ, ಮರಿಯಿಲ್ಲ. ಕೊಡುವ, ಬಿಡುವ, ಕಡಿಯುವ ಮಾತು ಕೂಡ ಇಲ್ಲ. ಮರಿ ಕೊಳ್ಳಲು ಶಹಾಪುರದಿಂದ ಯಾರಾದರೂ ಮುಸ್ಸಂಜೆಗೆ ಬಂದರೆ ರೊಟ್ಟಿ ಹಾಕಿ, ಕಂಬಳಿ ಹಾಸಿ ಮಲಗಿಸುತ್ತಿದ್ದರೇ ಹೊರತು ವ್ಯಾಪಾರದ ಮಾತು ಎತ್ತುತ್ತಿರಲಿಲ್ಲ. “ಕಟ್ಟಿದ ಹಟ್ಟಿ ಎಲ್ಲಿ ಓಡಿ ಹೋಗತದ? ಮುಂಜಾನಿ ಆಗಲಿ” ಎನ್ನುವುದು ಮಲ್ಕಪ್ಪನ ಬಾಯಿಪಾಠ. ಅದು ಸುಳ್ಳೂ ಅಲ್ಲ. ಒಮ್ಮೆ ಮಲಗಿದ ಹಿಂಡು ನಸುಕಿನವರೆಗೆ ಕದಲುವುದಿಲ್ಲ.

ರಜಾಕಾರರ ಗದ್ದಲದ ವರ್ಷ ಊರೂರೇ ಹೆದರಿ ಕುಳಿತಿತ್ತು. ಅರ್ಧ ಹಿಂಡಾದರೂ ಉಳಿಯಲಿ ಎಂದು ಮಲ್ಕಪ್ಪ ತಮ್ಮನ ಕೈಗೆ ನೂರರಷ್ಟು ಕುರಿ ಕೊಟ್ಟು, ನಿಜಾಮರ ಸರಹದ್ದು ದಾಟಿಸಿ ಸಿಂದಗಿಯ ಕಡೆ ಕಳಿಸಿದ. ಅದು ಮುಂಬಯಿ ಸರಕಾರದ ಸೀಮೆ. ಅಲ್ಲಿ ಗದ್ದಲವಿಲ್ಲ ಎಂಬ ಧೈರ್ಯ. ಗಡಿ ನಾಕೆಯ ಸುಂಕದವರ ಕಣ್ಣು ತಪ್ಪಿಸಿ ಬೀರಣ್ಣ ಹೋದ. ಭಾದ್ರಪದದಲ್ಲಿ ಇಲ್ಲಿ ಭಾರತದ ದಂಡು ಬಂದು ನಾಲ್ಕೈದು ದಿನಗಳಲ್ಲಿ ರಾಜ್ಯವೇ ಬದಲಾಯಿತು, ಗದ್ದಲ ಅಡಗಿತು, ಓಡಿಹೋದವರು ಒಬ್ಬೊಬ್ಬರಾಗಿ ಮರಳಿದರು. ಬೀರಣ್ಣ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಸಿಂದಗಿ ಕಡೆಯ ಕುರುಬನೊಬ್ಬ ಏಳು ಕುರಿ ಹೊಡೆದುಕೊಂಡು ಬಂದ. ತಾವಾಗಿಯೇ ಊರ ದಾರಿ ಹಿಡಿದಿದ್ದವನ್ನು ಕಂಡು, ಕಿವಿಯ ಗುರುತು ನೋಡಿ ಕೇಳಿಕೊಂಡು ಬಂದಿದ್ದ.

“ನಿಮ್ಮ ಹುಡುಗನ ಹಿಂಡಿಗೆ ರೋಗ ಬಡೀತ್ರಿ. ಉಳಿದದ್ದನ್ನ ಯಾರೋ ಹೊಡಕೊಂಡು ಹೋದ್ರು. ಅಣ್ಣಗ ಮಾರಿ ತೋರಸಲಾರೆ ಅಂತ ಮುಂಬಯಿ ರೈಲು ಹತ್ತಿದ” ಎಂದ.

ಆ ಏಳರಲ್ಲಿ ಕರಿಗಿವಿಯೂ ಇತ್ತು. ರೇಣಮ್ಮ ಅದರ ಕೊರಳು ತಬ್ಬಿಕೊಂಡು ಕುಳಿತಳೇ ಹೊರತು ಅಳಲಿಲ್ಲ. ಇವು ದಾರಿ ಹಿಡಿದು ಬಂದಿವೆ, ಅವನೂ ಬಂದಾನು ಎಂದುಕೊಂಡಳು.

ಒಂದು ವರ್ಷ, ಎರಡು ವರ್ಷ, ಮೂರನೆಯ ವರ್ಷ. ಮೊದಲ ಚುನಾವಣೆಗೆ ಹೆಸರಿನ ಪಟ್ಟಿ ಬರೆಯಲು ಮಾಸ್ತರರೊಬ್ಬರು ಮನೆಮನೆಗೆ ಬಂದರು.

“ಈಕಿ ಹೆಸರೇನವ್ವ?”

“ಬೀರಣ್ಣನ ಹೆಂಡ್ತಿ ಅಂತ ಬರಕೋರಿ” ಎಂದಳು ಗುರುಲಿಂಗಮ್ಮ.

“ಹಂಗ ಬರಕೊಳ್ಳಾಕ ಬರೂದಿಲ್ಲ. ಆಕಿ ಹೆಸರು ಬೇಕು, ಗಂಡನ ಹೆಸರು ಬೇಕು. ಗಂಡ ಎಲ್ಲಿದ್ದಾನ?”

ಗುರುಲಿಂಗಮ್ಮ ರೇಣಮ್ಮನ ಕಡೆ ನೋಡಿದಳು. ಮಾಸ್ತರರು ಸೀಸಕಡ್ಡಿ ಎತ್ತಿ ಹಿಡಿದೇ ಕೇಳಿದರು: “ಇದ್ದಾನೋ, ಇಲ್ಲೋ?”

“ಅದ ನಮಗೂ ತಿಳೀವಲ್ದರಿ” ಎಂದಳು ರೇಣಮ್ಮ.

ಮಾಸ್ತರರು ಏನೋ ಒಂದು ಬರೆದುಕೊಂಡು ಮುಂದಿನ ಮನೆಗೆ ಹೋದರು. ಏನು ಬರೆದರೆಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಆದರೆ ಅಂದಿನಿಂದ ಅವಳಿಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗದಾಯಿತು. ರೊಟ್ಟಿ ಬಡಿಯುತ್ತ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು. ಕುರಿ ಮೇಯುತ್ತಿದ್ದರೆ ಇವಳು ಅವುಗಳ ಸುತ್ತ ಸುಮ್ಮನೆ ತಿರುಗುತ್ತಿದ್ದಳು. “ನಿನ್ನ ಕಾಲಾಗ ಏನು ಇರಿವಿ ಬಿಟಗೊಂಡೀಯೇನ?” ಎಂದು ಗುರುಲಿಂಗಮ್ಮ ಬೈದಳು.

ಚಳಿಗಾಲದಲ್ಲಿ ರೇಣಮ್ಮನ ಅಣ್ಣ ಅಮಾತೆಪ್ಪ ಕೊಡೇಕಲ್ಲಿನಿಂದ ಬಂದ. ಬಂದದ್ದು ಮುಸ್ಸಂಜೆಗೆ, ಆದ್ದರಿಂದ ಉಂಡು ಸುಮ್ಮನೆ ಮಲಗಿದ. ಬೆಳಗ್ಗೆ ಬಾಯಿ ಮುಕ್ಕಳಿಸಿದವನೇ ಮಾತು ತೆಗೆದ. ಸುರಪುರದ ಕಡೆ ಹೆಂಡತಿ ಸತ್ತವನೊಬ್ಬ ಇದ್ದಾನೆ, ನೂರು ಕುರಿ, ಎರಡೆತ್ತಿನ ಹೊಲ, ಉಡಿಕೆ, ಅಂದರೆ ಮರುಮದುವೆ, ಮಾಡಿಕೊಳ್ಳಲು ಒಪ್ಪಿದ್ದಾನೆ ಎಂದ.

“ಮಾವ, ನಾ ಒತ್ತಾಯ ಮಾಡಾಂಗಿಲ್ಲ” ಎಂದ ಮಲ್ಕಪ್ಪನಿಗೆ. “ಆದ್ರ ಇದ್ದ ಗಂಡನ್ನ ಇಟಗೊಂಡು ಉಡಿಕಿ ಮಾಡಾಕ ಬರೂದಿಲ್ಲ. ಹೋದ ಗಂಡನ್ನ ಕಾಯಕೋತ ಕುಂದರಾಕೂ ಬರೂದಿಲ್ಲ. ಶಿವರಾತ್ರಿ ಆದಮ್ಯಾಲೆ ಬರ್ತೀನಿ. ಅಷ್ಟರಾಗ ಒಂದು ಹೇಳ್ರಿ.”

ಸುರಪುರದವನ ಕುರಿಯ ಮೇಲಾಗಲಿ ಹೊಲದ ಮೇಲಾಗಲಿ ರೇಣಮ್ಮನಿಗೆ ಆಸೆ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ ಮಾತು, ಅದೂ ಬೀರಣ್ಣನ ಬಾಯಿಂದಲೇ. ಬರ್ತೀನಿ ಎನ್ನಲಿ, ಇಲ್ಲವೇ ಬಿಟ್ಟೀನಿ ಎನ್ನಲಿ.

ಆ ಮಾತಿನ ದಾರಿ ತೋರಿಸಿದವನು ಸರದಾರಸಾಬ. ಯಾದಗಿರಿ ಸ್ಟೇಶನ್ನಿನಲ್ಲಿ ಹಮಾಲ, ಮಲ್ಕಪ್ಪನ ಹಳೆಯ ಗೆಳೆಯ. ಅವನ ತಂಗಿ ಆಮೀನಾ ಮುಂಬಯಿಯಲ್ಲಿದ್ದಳು. ಅವಳ ಗಂಡ ಅಲ್ಲಿಯ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ.

“ಮಲ್ಕಪ್ಪಾ, ನಿನ್ನ ತಮ್ಮ ಸಿಕ್ಕಾನ ನೋಡು” ಎಂದ ಸರದಾರಸಾಬ, ಬೀಡಿ ಕಿವಿಗೆ ಸಿಗಿಸುತ್ತ. “ಹಡಗಿನ ಹೊಟ್ಟಿಯೊಳಗ ಒಲಿ ಉರಸಾಕತ್ಯಾನಂತ.”

“ಹಡಗಿಗೆ ಒಲಿ ಯಾಕಪ? ಅಡಗಿ ಮಾಡತದೇನು?”

“ರೈಲಿಗೆ ಯಾಕ ಅದ? ಅದಕ್ಕೂ ಹಂಗ. ಆಮೀನಾನ ಗಂಡ ಕಣ್ಣಾರೆ ಕಂಡಾನ. ಮೂರು ತಿಂಗಳಿಗೊಮ್ಮೆ ಆ ಹಡಗು ಬರ್ತದಂತ. ಈ ಶಿವರಾತ್ರಿ ಆಜೂಬಾಜೂ ಬರೂದದ. ಹೋಗೂದಿದ್ರ ಈಗ ಹೋಗ್ರಿ, ಆಮ್ಯಾಲೆ ಸಮುದ್ರ ಗುದ್ದಿದ್ರೂ ಬರಂಗಿಲ್ಲ.”

ಮಲ್ಕಪ್ಪ ಒಬ್ಬನೇ ಹೋಗುವುದೆಂದು ಮೊದಲು ಮಾತಾಯಿತು. ರೇಣಮ್ಮ ಕೇಳಲಿಲ್ಲ. “ಮಾತು ನನ್ನದು. ನೀವು ತಂದ್ರ ನಿಮ್ಮ ಮಾತಾಗತದ” ಎಂದಳು. ಮೂರು ವರ್ಷ ಕರಿಗಿವಿಯ ಮತ್ತು ಅದರ ಸಂಗಡ ಮರಳಿದವುಗಳ ಉಣ್ಣೆಯನ್ನು ಬೇರೆಯೇ ಇಟ್ಟು ನೂತಿದ್ದಳು. ಆ ನೂಲಿನ ಒಂದು ಕರಿ ಕಂಬಳಿ ನೇಯಿಸಿದ್ದಳು. ಅದನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಭಾವನ ಹಿಂದೆ ರೈಲು ಹತ್ತಿದಳು.

ರೈಲಿನಲ್ಲಿ ಅವಳು ಕುಳಿತದ್ದಕ್ಕಿಂತ ನಿಂತದ್ದೇ ಹೆಚ್ಚು. ಸ್ಟೇಶನ್ ಬಂದಾಗಲೆಲ್ಲ “ಬಂತೇನ್ರಿ?” ಎನ್ನುತ್ತಿದ್ದಳು. “ಇನ್ನೂ ಸೊಲ್ಲಾಪುರ ಆಗಿಲ್ಲ, ಕುಂದರವ್ವ ತಾಯಿ” ಎಂದು ಮಲ್ಕಪ್ಪ ಬೇಸತ್ತ. ಎದುರು ಕುಳಿತಿದ್ದ ಮುದುಕನೊಬ್ಬ, ಇಷ್ಟು ಹೊತ್ತು ನಡೆದಿದ್ದರೆ ಇವಳು ರೈಲಿಗಿಂತ ಮೊದಲೇ ಮುಟ್ಟುತ್ತಿದ್ದಳು ಎಂದ.

ಬೋರಿಬಂದರಿನಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಸಾವಿರ ಜನರ ನಡುವಿನಿಂದ ದಪ್ಪನೆಯ ಹೆಂಗಸೊಬ್ಬಳು ನೇರ ಇವರ ಹತ್ತಿರವೇ ಬಂದಳು. ಆಮೀನಾ.

“ಹ್ಯಾಂಗ ಗುರುತು ಹಿಡದಿಯವ್ವ ನಮ್ಮನ್ನ?” ಎಂದು ಮಲ್ಕಪ್ಪ ಕೇಳಿದ.

“ಕಂಬಳಿ ವಾಸನಿ ಕಾಕಾ. ಮೂರು ವರ್ಷ ಆಗಿತ್ತು ಮೂಗಿಗೆ ಬಿದ್ದು” ಎಂದಳು. ಹಾದಿಯುದ್ದಕ್ಕೂ ಅವಳ ಬಾಯಿ ಸುಮ್ಮನಿರಲಿಲ್ಲ. ಯಾದಗಿರಿಯ ಬಾವಿಯ ನೀರು, ಊರ ಸುದ್ದಿ, ಅಣ್ಣನ ಮಕ್ಕಳು, ಎಲ್ಲ ಕೇಳಿದಳು. “ನಿಮ್ಮವ ಭಾದ್ರಪದದ ಮೊದಲು ಅಂಜಿ ಓಡಿದ. ನಾವು ಭಾದ್ರಪದ ಆದಮ್ಯಾಲೆ ಅಂಜಿ ಓಡಿದ್ವಿ. ಬಂದು ಬಿದ್ದದ್ದು ಎಲ್ಲಾರೂ ಈ ಒಂದ ಉಪ್ಪುನೀರಿನ ದಂಡಿಗೆ” ಎಂದಳು.

ಆಮೀನಾ ದಿನವೂ ಸಂಜೆ ಗಂಡನಿಗೆ ಬುತ್ತಿ ಕೊಡಲು ಹಡಗುಕಟ್ಟೆಯ ಗೇಟಿಗೆ ಹೋಗುತ್ತಿದ್ದಳು. ಅವನದು ರಾತ್ರಿ ಪಾಳಿ. ಬೀರಣ್ಣನ ಹಡಗು ಬಂದು ಐದು ದಿನವಾಗಿತ್ತು. ಅವನಿಗೆ ಸುದ್ದಿ ಮುಟ್ಟಿಸಿ ಗೇಟಿಗೆ ಕರೆಸುತ್ತೇನೆ ಎಂದು ಗಂಡ ಹೇಳಿದ್ದ. ರೇಣಮ್ಮ ಚಹಾ ಕುಡಿಯಲಿಲ್ಲ, ಕಾಲು ಚಾಚಲಿಲ್ಲ. ಬುತ್ತಿ ಕಟ್ಟುವ ಹೊತ್ತಿಗೆ ಮೂರು ಸಲ ಓಣಿಯ ತುದಿಯವರೆಗೆ ಹೋಗಿ ಬಂದಳು.

ಬಿಸಿಲು ಕೆಂಪಾಗುತ್ತಿತ್ತು. ಗೋದಾಮುಗಳ ನಡುವಿನ ದಾರಿ. ಎತ್ತಿನ ಗಾಡಿ, ಲಾರಿ, ಹತ್ತಿಯ ಅಂಡಿಗೆ, ಮೀನಿನ ನಾತ. ದಾರಿ ತಿರುಗಿದಲ್ಲಿ ಎದುರಿಗೆ ಕರಿಯ ಗೋಡೆ. ಊರ ಅಗಸಿಗಿಂತ ಮೂರು ಪಟ್ಟು ಎತ್ತರ, ಉದ್ದಕ್ಕೆ ಮೊಳೆ ಹೊಡೆದ ಗೋಡೆ. ಇಷ್ಟು ದೊಡ್ಡ ಗೋಡೆ ಯಾರು ಕಟ್ಟಿದರೋ ಎಂದು ರೇಣಮ್ಮ ನೋಡುತ್ತ ನಿಂತಳು. ನೋಡುತ್ತಿರುವಂತೆ ಗೋಡೆ ಒಂದಿಷ್ಟು ಮೇಲೆದ್ದಿತು. ಮತ್ತೆ ಇಳಿಯಿತು.

“ಭಾವ, ಗೋಡಿ ಉಸರಾಡಸಾಕತ್ಯಾದ” ಎಂದಳು ಮೆಲ್ಲಗೆ.

“ಗೋಡಿ ಅಲ್ಲಕ್ಕ, ಅದ ಹಡಗು” ಎಂದು ಆಮೀನಾ ನಕ್ಕಳು.

ರೇಣಮ್ಮ ತಲೆ ಎತ್ತಿದಳು. ಎತ್ತುತ್ತ ಹೋದಂತೆ ಸೆರಗು ಜಾರಿ ಹೆಗಲಿಗೆ ಬಿತ್ತು. ಗೋಡೆಯ ಮೇಲೆ ಗೋಡೆ, ಅದರ ಮೇಲೆ ಸಾಲು ಕಿಟಕಿ, ಅದರ ಮೇಲೆ ನಿಚ್ಚಣಿಕೆ, ಹಗ್ಗ, ಎಲ್ಲಕ್ಕೂ ಮೇಲೆ ಒಂದು ಹೊಗೆಗೂಡು. ಯಾದಗಿರಿಯ ಕೋಟೆಗುಡ್ಡವನ್ನು ಬುಡಸಮೇತ ಕಿತ್ತು ನೀರಿನ ಮೇಲೆ ಇಟ್ಟಂತಿತ್ತು. ಅದು ಮುಳುಗುತ್ತಿರಲಿಲ್ಲ ಎಂಬುದೇ ಅವಳಿಗೆ ನಂಬಲು ಕಷ್ಟವಾಯಿತು. ಅದರ ಆಚೆ ಇನ್ನೊಂದು, ಇನ್ನೊಂದರ ಆಚೆ ಮತ್ತೊಂದು. ಕಟ್ಟೆಯ ಎರಡೂ ಬದಿಗೆ, ಸಂಜೆಯ ಕೆಂಪು ನೀರಿನಲ್ಲಿ, ಮೂತಿಗೆ ಹಗ್ಗ ಕಟ್ಟಿಸಿಕೊಂಡು ಒತ್ತೊತ್ತಾಗಿ ನಿಂತಿದ್ದವು. ಕಬ್ಬಿಣದ ಬೇಲಿಯ ಸರಳು ಹಿಡಿದು ಅವಳು ನೋಡಿದಳು. ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಆ ಚಳಿಗಾಲದಲ್ಲಿ ಅದೇ ಮೊದಲು.

ಒಂದು ಬೆಳ್ಳಗಿತ್ತು, ಹೊಗೆಗೂಡು ಮಾತ್ರ ಅರಿಶಿನ. ಯಾರ ಕಡೆಗೂ ನೋಡದೆ ಬಿಗುಮಾನದಿಂದ ನಿಂತಿತ್ತು. ಇನ್ನೊಂದರ ಲಂಗರಿನ ತೂತಿನಿಂದ ಕೆಳಗೆ ತುಕ್ಕು ಇಳಿದು, ಕಣ್ಣುಬೇನೆಯ ಕುರಿಯಂತೆ ಕಾಣುತ್ತಿತ್ತು. ಮತ್ತೊಂದರ ಹೊಟ್ಟೆಯಿಂದ ಯಂತ್ರದ ಕೈಗಳು ಕಾಳಿನ ಮೂಟೆ ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದವು. ಹೊಟ್ಟೆ ಹಗುರಾದಂತೆ ಅದು ನೀರಿನಿಂದ ಮೇಲೇಳುತ್ತಿತ್ತು, ಮರಿ ಹಾಕಿ ಎದ್ದು ನಿಲ್ಲುವ ಕುರಿಯ ಹಾಗೆ. ಎಲ್ಲವೂ ಕಬ್ಬಿಣವೇ, ಆದರೆ ಒಂದರ ಮುಖ ಒಂದಕ್ಕಿಲ್ಲ. ಬೇರೆ ಬೇರೆ ದೇಶದ ನೀರು ಕುಡಿದು ಬಂದವು, ಒಂದೇ ಹಟ್ಟಿಯಲ್ಲಿ ಜಗಳವಿಲ್ಲದೆ ನಿಂತಿದ್ದವು.

“ಎಷ್ಟವ ಇವು?” ಎಂದು ಮಲ್ಕಪ್ಪ ಬೆರಳು ಎತ್ತಿದ. ರೇಣಮ್ಮ ಚಟ್ಟನೆ ಅವನ ಕೈ ಕೆಳಗಿಳಿಸಿದಳು. ಭಾವನ ಮೈ ಮುಟ್ಟಿದ್ದು ಆಮೇಲೆ ನೆನಪಾಗಿ ನಾಚಿದಳು. “ಎಣಿಸಬ್ಯಾಡ್ರಿ. ಮುಸ್ಸಂಜಿ.”

“ಅಕ್ಕಾ, ಅದ ನೋಡು ನಿಮ್ಮವಂದು” ಎಂದು ಆಮೀನಾ ತೋರಿಸಿದಳು. ಕರಿಯ ಮೈ, ನೀರಿನ ಅಂಚಿಗೆ ಕೆಂಪು ಹೊಟ್ಟೆ, ಹೊಗೆಗೂಡಿಗೆ ಎರಡು ಬಿಳಿ ಪಟ್ಟಿ. ಬಲಭುಜದಲ್ಲಿ ತಗ್ಗು ಬಿದ್ದಿತ್ತು. ಗುದ್ದಾಡಿ ಬಂದ ಟಗರು ಎಂದುಕೊಂಡಳು ರೇಣಮ್ಮ. ಉಳಿದವೆಲ್ಲ ಸುಮ್ಮನಿದ್ದರೂ ಇದೊಂದು ಸುಮ್ಮನಿರಲಿಲ್ಲ. ಹೊಗೆ ದಟ್ಟವಾಗಿ ಏಳುತ್ತಿತ್ತು. ಜನ ಮೇಲೆ ಕೆಳಗೆ ಓಡಾಡುತ್ತಿದ್ದರು. ಬಿಗಿದ ಹಗ್ಗ ಕಿರ್ ಕಿರ್ ಎನ್ನುತ್ತಿತ್ತು. ಹಿಂಡು ಎದ್ದು ಹೊರಡುವ ಮುಂಚೆ ಮುಂದಾಳು ಕುರಿ ಹೀಗೆಯೇ ಕಾಲು ಬದಲಿಸುತ್ತದೆ ಎಂದು ಅವಳ ಮನಸ್ಸಿಗೆ ಬಂತು. ಬಂದದ್ದನ್ನು ಅವಳೇ ತಳ್ಳಿಹಾಕಿದಳು. ಆ ನೀರಿಗೆ ಕೂಡ ದೊಡ್ಡ ಕಬ್ಬಿಣದ ಬಾಗಿಲಿದೆ, ಬಾಗಿಲು ಹಾಕಿದರೆ ಹಡಗು ಹೊರಗೆ ಹೋಗಲಾರದು ಎಂದು ಆಮೀನಾ ಆಗಷ್ಟೇ ಹೇಳಿದ್ದಳು. ಬಾಗಿಲು ಹಾಕಿದ ಹಟ್ಟಿ, ಮುಳುಗುವ ಹೊತ್ತು. ಇನ್ನೆಲ್ಲಿಗೆ ಹೋದಾವು?

ಗೇಟಿನ ಕಾವಲುಗಾರ ಆಮೀನಾಳ ಪರಿಚಯದವನು. ಇವರನ್ನು ಒಳಗೆ ಬಿಡಲಿಲ್ಲ, ಬೇಲಿಯ ಹತ್ತಿರ ನಿಲ್ಲಲು ಬಿಟ್ಟ. ಸ್ವಲ್ಪ ಹೊತ್ತಿಗೆ ಆಚೆಯಿಂದ ಒಬ್ಬ ಪಾಟಲೋನಿನವನು ಬಂದ. ರೆಪ್ಪೆಯ ಕೂದಲಿಗೆಲ್ಲ ಇದ್ದಿಲಪುಡಿ. ಮಲ್ಕಪ್ಪ ಅವನ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಇಣುಕಿದ. ರೇಣಮ್ಮನಿಗೆ ಮುಖ ಸಿಕ್ಕಿತು.

“ಯಣ್ಣಾ” ಎಂದ ಬೀರಣ್ಣ.

“ಇದ್ದೀಯಲ್ಲೋ” ಎಂದ ಮಲ್ಕಪ್ಪ. ಸರಳಿನ ಸಂದಿನಿಂದ ಕೈ ತೂರಿಸಿ ತಮ್ಮನ ಭುಜ ಹಿಡಿದ. “ಇದ್ದೀಯಲ್ಲೋ ಮಗನ. ಕುರಿ ಹೋದ್ರ ಹೋದ್ವು, ಅದಕ್ಕ ಇಷ್ಟು ದೂರ ಬರ್ತಾರೇನು?”

ಬೀರಣ್ಣನ ಕಣ್ಣು ರೇಣಮ್ಮನ ಕಂಕುಳಿನ ಕಂಬಳಿಯ ಮೇಲಿತ್ತು, ಮುಖದ ಮೇಲಲ್ಲ.

“ಯಾವುದರ ಉಣ್ಣಿ?” ಎಂದ.

“ಕರಿಗಿವೀದು. ಅದರ ಸಂಗಡ ಬಂದವುಗಳದೂ ಅದ.”

“ಕರಿಗಿವಿ ಬಂತೇನು?”

“ಬಂತು. ದಾರಿ ಯಾರೂ ಹೇಳಿದ್ದಿಲ್ಲ ಅದಕ್ಕ” ಎಂದಳು ರೇಣಮ್ಮ.

ಮಾತು ತಾಗಿತು. ಬೀರಣ್ಣ ಬೇಲಿಯ ಬುಡ ನೋಡಿದ. ಆಮೇಲೆ ಒಂದೊಂದೇ ಕೇಳತೊಡಗಿದ. ಮುರುಕಗೊಂಬು ಇದೆಯೇ, ಬಿಳಿಮೂತಿ ಮರಿ ಹಾಕಿತೇ, ಊರ ಮುಂದಿನ ಬೇವಿನ ಮರ ಇದೆಯೇ. ರೇಣಮ್ಮ ಎಲ್ಲಕ್ಕೂ ಉತ್ತರ ಕೊಟ್ಟಳು. ಹಿಂಡು ಮುಗಿಯಿತು, ಮರ ಮುಗಿಯಿತು, ಅವನು ಅವಳ ಬಗ್ಗೆ ಒಂದೂ ಕೇಳಲಿಲ್ಲ. ಅವಳು ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಈಗ ಕೇಳಬೇಕು. ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಹಡಗಿನ ಮೇಲೆ ದೀಪ ಹತ್ತಿದವು. ಮೊದಲು ಬಿಳಿಯ ಹಡಗಿನ ಸಾಲು ಕಿಟಕಿ, ಆಮೇಲೆ ಒಂದರ ಹಿಂದೆ ಒಂದು. ಎಲ್ಲ ಹಡಗೂ ನೀರಿನಲ್ಲಿ ತಲೆಕೆಳಗಾಗಿ ಮತ್ತೊಮ್ಮೆ ಕಾಣಿಸಿದವು. ಎಂದೂ ನೋಡದ ಸಂಪತ್ತು ಅದು. ರೇಣಮ್ಮನ ಕೈ ತಾನಾಗಿ ಕೆನ್ನೆಗೆ ಹೋಗಿ ದೀಪಕ್ಕೆ ನಮಸ್ಕಾರ ಮಾಡಿತು. ಬೀರಣ್ಣನ ಕೈಯೂ ಹಾಗೆಯೇ ಕೆನ್ನೆಗೆ ಹೋಯಿತು. ಇದ್ದಿಲಿನ ಕೈ ಕೆನ್ನೆಯ ಮೇಲೆ ಗುರುತು ಬಿಟ್ಟಿತು.

“ದೀಪ ಹಚ್ಯಾರ” ಎಂದಳು ರೇಣಮ್ಮ. “ಒಂದು ಮಾತು ಕೇಳೂದಿತ್ತು. ಮುಂಜಾನಿ ಕೇಳ್ತೀನಿ.”

ಆಮೀನಾಗೆ ತಡೆಯಲಾಗಲಿಲ್ಲ. “ಅಕ್ಕಾ, ಎರಡು ದಿನ ರೈಲಿನ್ಯಾಗ ಹಣ್ಣಾಗಿ ಬಂದೀದಿ. ಎದುರಿಗೇ ನಿಂತಾನ. ಕೇಳಿಬಿಡು. ಇಲ್ಲಿ ಯಾವ ಮುಸ್ಸಂಜಿ?”

“ಬ್ಯಾಡವ್ವ, ಆಕಿ ಹೇಳೂದು ಖರೇ ಅದ” ಎಂದ ಮಲ್ಕಪ್ಪ. “ಎಂಥಾ ಮಾತೋ ಏನೋ. ಕಟ್ಟಿದ ಹಟ್ಟಿ ಎಲ್ಲಿ ಓಡಿ ಹೋಗ್ತದ?”

ಬೀರಣ್ಣ ತಿರುಗಿ ತನ್ನ ಹಡಗನ್ನು ನೋಡಿದ. ಹೊಗೆಯನ್ನು ನೋಡಿದ. ಆಮೇಲೆ, ಬಂದಾಗಿನಿಂದ ಮೊದಲ ಸಲ, ರೇಣಮ್ಮನ ಮುಖ ನೋಡಿದ.

“ಹೌದು. ಮುಂಜಾನಿ ಬರ್ರಿ” ಎಂದ.

ರೇಣಮ್ಮ ಕಂಬಳಿಯನ್ನು ಅರ್ಧ ಮುಂದೆ ಚಾಚಿ ಹಿಂದಕ್ಕೆ ಎಳೆದುಕೊಂಡಳು. ಕೊಡುವ ಹೊತ್ತು ಅದಲ್ಲ. ಅವನು ಅದನ್ನೂ ನೋಡಿದ. ಗೋದಾಮಿನ ಮೂಲೆ ತಿರುಗುವವರೆಗೆ ಹಿಂದಿರುಗಿ ನೋಡಲಿಲ್ಲ.

ಆ ರಾತ್ರಿ ಆಮೀನಾಳ ಖೋಲಿಯಲ್ಲಿ ಅವಳು ಮಲಗಿದ್ದಷ್ಟೇ, ನಿದ್ದೆ ಬರಲಿಲ್ಲ. ನಾಳೆ ಕೇಳುವ ಮಾತನ್ನು ಹಿಂದುಮುಂದು ಮಾಡಿ ಕೂಡಿಸುತ್ತಿದ್ದಳು. ನಸುಕಿಗೆ ಮೊದಲು ದೂರದಲ್ಲಿ ಕೋಣ ಕೂಗಿದಂಥ ಸದ್ದು ಎರಡು ಸಲ ಕೇಳಿತು. “ಏನ್ರಿ ಅದು?” ಎಂದಳು. “ರೈಲಿರಬೇಕು, ಮಲಗು” ಎಂದ ಮಲ್ಕಪ್ಪ.

ಬೆಳಕು ಹರಿಯುವಷ್ಟರಲ್ಲಿ ಮೂವರೂ ಬೇಲಿಯ ಹತ್ತಿರ ಇದ್ದರು. ಬಿಳಿಯ ಹಡಗು ಇತ್ತು. ಕಣ್ಣುಬೇನೆಯದು ಇತ್ತು. ಮೂಟೆ ಇಳಿಸುವುದು ಇನ್ನೂ ಮೇಲೆದ್ದಿತ್ತು. ಭುಜ ತಗ್ಗಾದ ಕರಿಯ ಟಗರಿನ ಜಾಗದಲ್ಲಿ ನೀರು ಮಾತ್ರ ಇತ್ತು, ಅದರ ಮೇಲೆ ಎಣ್ಣೆಯ ಜಿಡ್ಡು ತಿರುಗುತ್ತಿತ್ತು. ರೇಣಮ್ಮ ಒಂದೊಂದೇ ಮುಖ ನೋಡುತ್ತ ಕಟ್ಟೆಯ ಆ ತುದಿಯವರೆಗೆ ಹೋದಳು, ಹಿಂದಕ್ಕೆ ಬಂದಳು, ಮತ್ತೆ ಹೋದಳು. ಆ ಮುಖ ಇರಲಿಲ್ಲ.

ಪಾಳಿ ಮುಗಿಸಿ ಹೊರಬಂದ ಆಮೀನಾಳ ಗಂಡ ಇವರನ್ನು ಕಂಡು ನಿಂತ. “ನಸುಕಿಗೆ ಮೊದಲೇ ಹೋತಲ್ರಿ. ಸಮುದ್ರದ ಭರತಿ ಬಂದಾಗ ನೀರಿನ ಬಾಗಿಲು ತೆಗೀತಾರ, ಆಗ ಹೊಂಟುಬಿಡ್ತಾವ. ಹಗಲು ರಾತ್ರಿ ನೋಡಾಂಗಿಲ್ಲ.”

“ಒಮ್ಮೆಲೆ ಹೊಂಟಿತೇನು?” ಎಂದು ಮಲ್ಕಪ್ಪ ಕೇಳಿದ.

“ಒಮ್ಮೆಲೆ ಹ್ಯಾಂಗ ಹೋಗತದ ಕಾಕಾ? ಹಿಂದಿನ ದಿನ ಮಧ್ಯಾಹ್ನಕ್ಕ ಹಡಗಿನವ್ರಿಗೆಲ್ಲ ಹೇಳಿರ್ತಾರ. ಒಲಿಯವ್ರಿಗೆ ಅವರಗಿಂತ ಮೊದಲು. ಒಲಿ ಹೊತ್ತಬೇಕಲ್ಲ.”

ರೇಣಮ್ಮ ಅದನ್ನು ಪೂರ್ತಿ ಕೇಳಿಸಿಕೊಂಡಳು. ಸಂಜೆಯ ಆ ದಟ್ಟ ಹೊಗೆ ಕಣ್ಣಿಗೆ ಬಂತು. ಆ ಹೊಗೆಯ ಒಲೆ ಹೊತ್ತಿಸಿಯೇ ಅವನು ಬೇಲಿಗೆ ಬಂದಿದ್ದ.

ದಾರಿಯಲ್ಲಿ ಮಲ್ಕಪ್ಪ ತಮ್ಮನ ಪರ ವಹಿಸಿದ. “ಅವನೂ ಹಟ್ಟಿಯೊಳಗ ಹುಟ್ಟಿದವ. ದೀಪ ಹಚ್ಚಿದ ಮ್ಯಾಲೆ ಕಡಿಯೂ ಮಾತು ಬ್ಯಾಡ ಅಂತ ಸುಮ್ಮಾಗಿರಬೇಕು.”

“ಹಟ್ಟಿಯೊಳಗ ಹುಟ್ಟಿದವ, ಹಟ್ಟಿ ಏಳತದ ಅಂತ ಗೊತ್ತಿದ್ದೂ ಮುಂಜಾನಿ ಬರ್ರಿ ಅಂತಾನೇನ್ರಿ ಭಾವ?” ಎಂದಳು ರೇಣಮ್ಮ. “ನಮ್ಮ ಪದ್ಧತಿ ನಮಗ ಅಡ್ಡ ಇಟ್ಟು ಹೋದ.” ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಳು: “ನಾನೂ ಅಂಜಿದ್ದೆ. ದೀಪ ಹತ್ತಿದ್ದ ನಂಗ ಬೇಕಾಗಿತ್ತು.”



ಮುದನಾಳ ಮುಟ್ಟಿದಾಗ ಶಿವರಾತ್ರಿ ಕಳೆದು ಮೂರು ದಿನವಾಗಿತ್ತು. ಅಮಾತೆಪ್ಪ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಕುರಿ ಹಟ್ಟಿಗೆ ಬರುವ ಹೊತ್ತು. ರೇಣಮ್ಮ ಕೈಕಾಲು ಸಹ ತೊಳೆಯದೆ ಹಟ್ಟಿಯ ಬಾಯಲ್ಲಿ ನಿಂತು ಎಲ್ಲ ಮುಖ ನೋಡಿ ಒಳಗೆ ಬಿಟ್ಟಳು. ಗುರುಲಿಂಗಮ್ಮ ದೀಪ ತಂದು ಗೂಡಿನಲ್ಲಿಟ್ಟಳು.

“ಯಣ್ಣಾ, ಹೇಳ್ತೀನಿ ಕೇಳು” ಎಂದಳು ರೇಣಮ್ಮ.

ಮಲ್ಕಪ್ಪ ಗಾಬರಿಯಾದ. “ರೇಣವ್ವಾ, ದೀಪ ಹಚ್ಯಾರ. ಮುಂಜಾನಿ ಆಗಲಿ.”

“ಮುಂಜಾನಿ ಏನಾಗತದ ಅಂತ ನೋಡಿ ಬಂದೀನಿ ಭಾವ.” ಅಣ್ಣನ ಕಡೆ ತಿರುಗಿದಳು. “ಅವ ಬರೂದಿಲ್ಲ. ಬಾಯಿಲೆ ಅನ್ನಲಿಲ್ಲ, ಆದ್ರ ಅಂದಾನ. ನಾ ಇನ್ನ ಕಾಯಾಂಗಿಲ್ಲ. ಉಡಿಕಿನೂ ಬ್ಯಾಡ. ಸುರಪುರದವರಿಗೆ ಬ್ಯಾರೆ ಹೆಣ್ಣು ನೋಡ್ರಿ ಅಂತ ಹೇಳು.”

“ಮತ್ತ ಹ್ಯಾಂಗ ಬಾಳ್ವಿ ಮಾಡ್ತಿ, ತಂಗಿ?”

“ಸಿಂದಗಿಯಿಂದ ತಾವಾಗೇ ಬಂದ್ವಲ್ಲ ಕುರಿ, ಅವು ಅವನ ಪಾಲಿನವು. ಅವುಗಳ ಹೊಟ್ಟಿಲೆ ಹುಟ್ಟಿದ್ವೂ ಅವನವ. ಅವನ್ನ ನನ್ನ ಹೆಸರಿಗೆ ಬಿಡ್ರಿ ಅಂತ ಭಾವಗ ಕೇಳ್ತೀನಿ. ಈಗ ಕೇಳ್ತೀನಿ.”

ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಪಾಲಿನ ಮಾತು ಬಂದದ್ದು ಅದೇ ಮೊದಲು. ಗುರುಲಿಂಗಮ್ಮ ಗಂಡನ ಮುಖ ನೋಡಿದಳು. ಮಲ್ಕಪ್ಪ ಎದ್ದು ಹೋಗಿ ದೀಪದ ಬತ್ತಿ ಸರಿಮಾಡಿದ. ಅಣ್ಣತಮ್ಮಂದಿರು ಬೇರೆಯಾದಾಗ ಕಿರಿಯವನ ಕುರಿಗಳಿಗೆ ಕಿವಿಯ ಗುರುತು ಬೇರೆ ಹಾಕುವುದು ಅವರಲ್ಲಿ ರೂಢಿ.

“ಯಾವ ಕಿವಿಗೆ ಗುರುತು ಹಾಕಬೇಕಂತಿ?” ಎಂದ ಕೊನೆಗೆ.

“ಎಡಗಿವಿಗೆ. ತುದಿಗೆ” ಎಂದಳು.

ಕತ್ತರಿ ಮಾತ್ರ ಮರುದಿನ ಬೆಳಗ್ಗೆಯೇ ಹೊರಗೆ ಬಂತು. ಅಷ್ಟು ಪದ್ಧತಿ ಉಳಿಯಲಿ ಎಂದು ಮಲ್ಕಪ್ಪ ಹೇಳಿದ್ದಕ್ಕೆ ಅವಳು ಒಪ್ಪಿದಳು.

ಆಮೇಲೆ ಆ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ಗಂಡಸರ ಹಾಗೆ ಕೋಲು ಹಿಡಿದು ತನ್ನ ಹಿಂಡಿನ ಹಿಂದೆ ನಡೆದಳು. ಶಹಾಪುರದ ಮರಿ ವ್ಯಾಪಾರಿಗಳು ಮುಸ್ಸಂಜೆಗೆ ಬಂದರೂ ಅವಳು ನಿಂತಲ್ಲಿಯೇ ಮಾತು ಮುಗಿಸುತ್ತಿದ್ದಳು. “ಹೇಳೂದು ಈಗ ಹೇಳ್ರಿ, ಮುಂಜಾನಿಗೆ ಹಡಗು ಇರ್ತದೋ ಇಲ್ಲೋ” ಎನ್ನುತ್ತಿದ್ದಳು. ಹೆಸರು ಅಂಟಿದ್ದು ಹಾಗೆ. ಐವತ್ತಾರರಲ್ಲಿ ರಾಜ್ಯ ಮತ್ತೆ ಬದಲಾಗಿ ಪಟ್ಟಿ ಬರೆಯುವ ಮಾಸ್ತರರು ಬಂದಾಗ, ಗಂಡನ ಹೆಸರು ಕೇಳುವ ಮೊದಲೇ “ಅಪ್ಪನ ಹೆಸರು ಬರಕೋರಿ” ಎಂದಳು. ಅಪ್ಪನ ಹೆಸರು ಬಾಯಿಬಿಟ್ಟು ಹೇಳಲು ಅಡ್ಡಿ ಇರಲಿಲ್ಲ.

ಒಂದು ಮಾತ್ರ ಅವಳಿಗೆ ಹಿಂದಕ್ಕೆ ಬರಲಿಲ್ಲ. ಹಟ್ಟಿ ಕಟ್ಟಿ ನಿಶ್ಚಿಂತೆಯಿಂದ ಮಲಗುವುದು. ನಸುಕಿನ ಮುಂಚೆ ಯಾದಗಿರಿಯ ಕಡೆಯಿಂದ ಮುಂಬಯಿ ರೈಲು ಕೂಗಿದರೆ ಎದ್ದು ಕುಳಿತುಬಿಡುತ್ತಿದ್ದಳು. ಕೋಲು ಹಿಡಿದು ಹಟ್ಟಿಯ ಸುತ್ತ ಒಂದು ಸುತ್ತು ಬಂದು, ಮಲಗಿದ ಮುಖಗಳನ್ನೆಲ್ಲ ನೋಡಿ, ಎಲ್ಲವೂ ಇದ್ದಲ್ಲಿಯೇ ಇದ್ದರೂ ಇನ್ನೊಂದು ಸುತ್ತು ಬರುತ್ತಿದ್ದಳು.